ಎಲೆಚುಕ್ಕಿಯ ಲೆಕ್ಕ ಮತ್ತು ಮುಕ್ತ ತಂತ್ರಾಂಶ

ಅಡಿಕೆಯ ಎಲೆಚುಕ್ಕಿ ರೋಗವು 2022ರ ಹೊತ್ತಿಗೆ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಸೀಮೆಯ ತೋಟಗಳನ್ನು ಆವರಿಸಿದಂದಿನಿಂದ ಮಲೆನಾಡಿನಲ್ಲಿ ಔಷಧಗಳ ಚರ್ಚೆಗೆ ಕೊನೆಯಿಲ್ಲ. ಶಿಲೀಂಧ್ರನಾಶಕವೇ ಗತಿ ಎನ್ನುವವರಿದ್ದಾರೆ. ಜೈವಿಕ ವಿಧಾನದಿಂದಲೇ ತೋಟ ಚೇತರಿಸಿಕೊಂಡಿತು ಎನ್ನುವವರೂ ಇದ್ದಾರೆ. ಎರಡು ಮಾತಿಗೂ ಆಧಾರ ಬಹುಪಾಲು ಕಣ್ಣಂದಾಜು. ಒಂದೇ ಸೋಗೆಯ ಮುಂದೆ ನಿಂತ ಇಬ್ಬರು ಅನುಭವಿ ಕೃಷಿಕರು ಬೇರೆ ಬೇರೆ ಶೇಕಡಾವಾರು ಹೇಳುವುದು ಸಾಮಾನ್ಯ. ವಿಷವಿಲ್ಲದೆ ರೋಗ ಹತೋಟಿಗೆ ಬರುತ್ತದೆ ಎಂದು ವಾದಿಸುವ ಪರಿಸರಾಸಕ್ತರೇ ಈ ಕೊರತೆಯನ್ನು ಮೊದಲು ನೀಗಿಕೊಳ್ಳಬೇಕು. ಅಳತೆಯಿಲ್ಲದ ವಾದವನ್ನು ತಳ್ಳಿಹಾಕಲು ಔಷಧ ಮಾರುವವನಿಗೆ ಒಂದು ನಿಮಿಷ ಸಾಕು.

ಅಳೆಯುವ ಸಾಧನ ಈಗ ದುರ್ಲಭವೇನಲ್ಲ. ಎಲೆಯ ಚಿತ್ರವನ್ನೋ, ಸೂಕ್ಷ್ಮದರ್ಶಕದಡಿಯ ಬೀಜಕಣಗಳ ಚಿತ್ರವನ್ನೋ ವಿಶ್ಲೇಷಿಸಬಲ್ಲ ತಂತ್ರಾಂಶವಿದ್ದರೆ ಊರಿನ ಕಾಲೇಜಿನ ಪ್ರಯೋಗಾಲಯದಲ್ಲೇ ಈ ಕೆಲಸ ಆದೀತು. ತೊಡಕಿರುವುದು ಆಯ್ಕೆಯಲ್ಲಿ. ಕ್ಯಾಮೆರಾ ಜೋಡಿಸಿದ ಸೂಕ್ಷ್ಮದರ್ಶಕದ ಜೊತೆಗೆ ಬರುವ ಕಂಪನಿಯ ತಂತ್ರಾಂಶ ಅನೇಕ ವೇಳೆ ಒಂದೇ ಗಣಕಕ್ಕೆ ಅಂಟಿಕೊಂಡಿರುತ್ತದೆ. ಚಿತ್ರವನ್ನು ತನ್ನದೇ ಗುಟ್ಟಿನ ರೂಪದಲ್ಲಿ ಕೂಡಿಡುತ್ತದೆ. ಆ ಗಣಕ ಕೆಟ್ಟರೆ ಹಳೆಯ ಚಿತ್ರಗಳೂ ಬೀಗದೊಳಗೆ. ಇನ್ನು ಕದ್ದ ಪ್ರತಿಗಳನ್ನು ಬಳಸುವ ಚಾಳಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಂಥ ಪ್ರತಿಯಿಂದ ಬಂದ ಅಂಕಿಯನ್ನು ಸಾರ್ವಜನಿಕವಾಗಿ ಮಂಡಿಸುವ ಧೈರ್ಯ ಯಾರಿಗೂ ಇರುವುದಿಲ್ಲ.

ಇಮೇಜ್‌ಜೆ ಎಂಬ ತಂತ್ರಾಂಶ ಇಲ್ಲಿ ಮೊದಲ ಆಯ್ಕೆಯಾಗಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಅವರು 1997ರಲ್ಲಿ ಇದನ್ನು ಆರಂಭಿಸಿದರು. ಸರ್ಕಾರಿ ನೌಕರರ ಕೃತಿಯಾದ್ದರಿಂದ ಇದಕ್ಕೆ ಹಕ್ಕುಸ್ವಾಮ್ಯದ ಕಟ್ಟಿಲ್ಲ. ಯಾರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಪುಕ್ಕಟೆ ಎಂಬುದು ಇದರ ಸಣ್ಣ ಗುಣ. ಪುಕ್ಕಟೆ ಸಿಗುವ ಸಂಕರ ಬೀಜಕ್ಕೂ ಮನೆಯಲ್ಲೇ ಕಾಪಿಟ್ಟು ಮರುವರ್ಷ ಬಿತ್ತುವ ಬೀಜಕ್ಕೂ ಇರುವ ಅಂತರವನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ಹಳೆಯ ಗಣಕದಲ್ಲೂ ಇದು ಓಡುತ್ತದೆ, ಒಮ್ಮೆ ತಂದಿಟ್ಟುಕೊಂಡರೆ ಅಂತರಜಾಲವೂ ಬೇಡ. ಮಳೆಗಾಲದ ಮಲೆನಾಡಿಗೆ ಇದು ಸಣ್ಣ ಮಾತಲ್ಲ. ಇದಕ್ಕೇ ಹಲವು ಉಪಕರಣಗಳನ್ನು ಸೇರಿಸಿ ಕಟ್ಟಿಕೊಡುವ ಫಿಜಿ ಎಂಬ ಕಂತೆಯೂ ಇದೆ. ಕಂಪನಿಗಳ ಗುಟ್ಟಿನ ಚಿತ್ರರೂಪಗಳಲ್ಲಿ ಹೆಚ್ಚಿನವನ್ನು ಅದು ತೆರೆಯಬಲ್ಲದು.

ಆದರೆ ತಂತ್ರಾಂಶ ತಂದಿಟ್ಟ ಮಾತ್ರಕ್ಕೆ ಅಳತೆ ನಿಜವಾಗದು. ಎಲೆಯನ್ನು ಅಳತೆಪಟ್ಟಿಯ ಸಮೇತ ಸ್ಕ್ಯಾನರಿನ ಮೇಲಿಟ್ಟು ಚಿತ್ರ ತೆಗೆಯುವುದು ಮೊಬೈಲಿಗಿಂತ ಮೇಲು. ನೆರಳೂ ಹೊಳಪೂ ಚುಕ್ಕಿಯೊಡನೆ ಬೆರೆಯುವುದಿಲ್ಲ. ಸೂಕ್ಷ್ಮದರ್ಶಕದ ಚಿತ್ರಕ್ಕಾದರೆ ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದ ಸ್ಟೇಜ್ ಮೈಕ್ರೋಮೀಟರಿನ ಚಿತ್ರವನ್ನು ಅದೇ ಮಸೂರದಲ್ಲಿ ತೆಗೆದು, ಒಂದು ಮನೆಗೆ 10 ಮೈಕ್ರಾನ್ ಎಂದು ತಂತ್ರಾಂಶಕ್ಕೆ ತಿಳಿಸಬೇಕು. ಮಸೂರ ಬದಲಾದರೆ ಈ ಕೆಲಸ ಮತ್ತೆ ಮೊದಲಿನಿಂದ. ಚಿತ್ರವನ್ನು ಜೆಪೆಗ್‌ಗೆ ಕುಗ್ಗಿಸದೆ ಟಿಫ್ ರೂಪದಲ್ಲಿ ಉಳಿಸಬೇಕು. ಅತಿ ಮುಖ್ಯವಾದದ್ದು ಬಣ್ಣದ ಗಡಿ: ಕಂದು ಚುಕ್ಕಿಯ ಸುತ್ತಲಿನ ಹಳದಿ ಬಳೆ ರೋಗದ ಲೆಕ್ಕಕ್ಕೋ, ಎಲೆಯ ಲೆಕ್ಕಕ್ಕೋ? ಇದನ್ನು ತಂತ್ರಾಂಶ ತೀರ್ಮಾನಿಸದು. ಅಳೆಯುವ ಮುನ್ನವೇ ಒಮ್ಮತಕ್ಕೆ ಬಂದು, ಬರೆದಿಟ್ಟು, ಎಲ್ಲ ಎಲೆಗೂ ಅದೇ ಗಡಿ ಹಾಕಬೇಕು. ತನಗೆ ಬೇಕಾದ ಉತ್ತರ ಬರುವವರೆಗೆ ಗಡಿಯನ್ನು ಸರಿಸುತ್ತ ಹೋಗುವುದು ಬೇಲಿ ಸರಿಸಿದಷ್ಟೇ ತಪ್ಪು.

ಒಂದಕ್ಕೊಂದು ಅಂಟಿಕೊಂಡ ಬೀಜಕಣಗಳನ್ನು ಬಿಡಿಸಿ ಎಣಿಸುವ ಆದೇಶದ ಹೆಸರು ವಾಟರ್‌ಶೆಡ್, ಅಂದರೆ ಜಲಾನಯನ. ಚಿತ್ರವನ್ನು ಗುಡ್ಡ ಕಣಿವೆಗಳ ಭೂಪಟವೆಂದು ಭಾವಿಸಿ, ಕಣಿವೆಗಳಲ್ಲಿ ನೀರು ತುಂಬಿ, ಎರಡು ಕಡೆಯ ನೀರು ಕೂಡುವಲ್ಲಿ ಅದು ಗೆರೆ ಎಳೆಯುತ್ತದೆ. ಘಟ್ಟದ ನೆತ್ತಿಯಲ್ಲಿ ಬಿದ್ದ ಮಳೆ ಪಡುವಣಕ್ಕೋ ಮೂಡಣಕ್ಕೋ ಹರಿಯುವುದನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾದೀತು.

ಬೇರೆ ಮುಕ್ತ ತಂತ್ರಾಂಶಗಳೂ ಇವೆ. ನೂರಾರು ಚಿತ್ರಗಳನ್ನು ಒಂದೇ ಕ್ರಮದಲ್ಲಿ ಸಂಸ್ಕರಿಸಬೇಕಾದಾಗ ಸೆಲ್‌ಪ್ರೊಫೈಲರ್ ಅನುಕೂಲ. ಕ್ಯೂಪಾತ್ ಮುಖ್ಯವಾಗಿ ಅಂಗಾಂಶದ ದೊಡ್ಡ ಚಿತ್ರಗಳಿಗೆ. ಉದಾಹರಣೆಗಳಿಂದ ತಾನೇ ಕಲಿತು ಜೀವಕೋಶ ಗುರುತಿಸುವ 2020ರ ಸೆಲ್‌ಪೋಸ್‌ನಂಥವು ಬೆರಗು ಹುಟ್ಟಿಸುತ್ತವೆ ನಿಜ. ಆದರೆ ಅವು ಬೇರೆಡೆಯ, ಬೇರೆ ವಸ್ತುಗಳ ಚಿತ್ರ ನೋಡಿ ಕಲಿತವು. ಕೈಯಿಂದ ಐವತ್ತು ಚಿತ್ರಗಳನ್ನಾದರೂ ಎಣಿಸಿ ತಾಳೆ ನೋಡದೆ ಅಡಿಕೆ ಸೋಗೆಯ ತೀರ್ಪನ್ನು ಅವುಗಳಿಗೆ ಬಿಡಬಾರದು.

ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದಾಗ ಗಣಕವಿರಲಿಲ್ಲ. ಬೋರ್ಡೋ ದ್ರಾವಣದ ಸಲಹೆ ಮಾತ್ರ ಇಂದಿಗೂ ತೋಟಗಳಲ್ಲಿ ಉಳಿದಿದೆ. ಬೇರೆಯವರು ಪರೀಕ್ಷಿಸಿ ನೋಡಬಹುದಾದ್ದನ್ನು ಬರೆದಿಟ್ಟದ್ದು ಅವರ ಬಲ. ಇಮೇಜ್‌ಜೆಯಲ್ಲಿ ಮಾಡಿದ ಹಂತಗಳನ್ನೆಲ್ಲ ದಾಖಲಿಸುವ ಮ್ಯಾಕ್ರೋ ಸೌಲಭ್ಯವಿದೆ. ಮೂಲಚಿತ್ರವನ್ನೂ ಆ ದಾಖಲೆಯನ್ನೂ ಜೊತೆಗಿಟ್ಟರೆ ಕೊಪ್ಪದಲ್ಲಿ ಅಳೆದದ್ದನ್ನು ಸಾಗರದ ವಿದ್ಯಾರ್ಥಿ ಮತ್ತೆ ಅಳೆಯಬಹುದು. ಎದುರು ಪಕ್ಷದವರೂ ಅಳೆಯಬಹುದು. ಈ ಮಳೆಗಾಲಕ್ಕೆ ಮುಂಚೆ ಎರಡು ಊರಿನ ಕಾಲೇಜುಗಳಾದರೂ ಒಂದೇ ಇಪ್ಪತ್ತು ಸೋಗೆಗಳ ಚಿತ್ರ ಹಂಚಿಕೊಂಡು, ಬೇರೆ ಬೇರೆಯಾಗಿ ಅಳೆದು, ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ.