ಕೇಳಲಿಲ್ಲವೆಂಬ ನೆಪ: ವಜ್ರದ ಉಂಗುರವೂ ಅಚೌರ್ಯವ್ರತವೂ

"ಗಿರಾಕಿ ಕೇಳಲಿಲ್ಲ, ನಾವು ಹೇಳಲಿಲ್ಲ, ಇದರಲ್ಲಿ ಸುಳ್ಳೆಲ್ಲಿ ಬಂತು?" ವ್ಯಾಪಾರಿ ಬಂಧುಗಳ ಬಾಯಿಂದ ನಲವತ್ತು ವರ್ಷಗಳಿಂದ ನಾನು ಕೇಳುತ್ತ ಬಂದಿರುವ ಮಾತಿದು. ಬಟ್ಟೆಯ ಅಂಗಡಿಯಲ್ಲಿ ಆಯುಷ್ಯ ಕಳೆದ ನಾನೂ ಈ ಮಾತನ್ನು ಎಂದೂ ಆಡಿಲ್ಲವೆಂದು ಎದೆ ಮುಟ್ಟಿ ಹೇಳಲಾರೆ. ಆದರೆ ಈ ನೆಪವು ಅತ್ಯಂತ ನಿರಾತಂಕವಾಗಿ ನಡೆಯುವ ಸ್ಥಳವೆಂದರೆ ವಜ್ರದ ಅಂಗಡಿ. ಸೀರೆಯ ನೂಲನ್ನು ಕೊಳ್ಳುವವರು ಬೆರಳಿನಿಂದ ಮುಟ್ಟಿ ಅರಿಯಬಲ್ಲರು. ವಜ್ರದ ಒಳಗನ್ನು ಸಾಮಾನ್ಯ ಗೃಹಸ್ಥರ ಕಣ್ಣು ಅರಿಯಲಾರದು. ಅರಿಯದವನು ಏನನ್ನು ತಾನೇ ಕೇಳಬಲ್ಲನು? ಆದುದರಿಂದ ಇಲ್ಲಿ ಮಾರುವವನ ಮೌನವು ಸುಳ್ಳಿಗಿಂತ ಹಗುರವಾದ ದೋಷವಲ್ಲ. ಅದು ಕಳ್ಳತನವೇ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಜೈನ ವ್ಯಾಪಾರಿಗೆ ಈ ಅಭಿಪ್ರಾಯ ಕಹಿಯಾದೀತು. ಆದರೂ ಹೇಳಲೇಬೇಕಾಗಿದೆ.

ಹೇಳಬೇಕಾದ ಕಾರಣ ನನ್ನದೇ ಒಂದು ಅಪರಾಧ. ಕೆಲವು ವರ್ಷಗಳ ಹಿಂದೆ ನಮ್ಮ ಸಮಾಜದ ಮನೆತನವೊಂದರಲ್ಲಿ ನಿಶ್ಚಿತಾರ್ಥಕ್ಕಾಗಿ ವಧುವಿಗೆ 70 ಸೆಂಟಿನ ವಜ್ರದ ಉಂಗುರವನ್ನು ತಂದರು. ಮಾರಿದವರೂ ನಮ್ಮವರೇ. ಮದುವೆಯಾದ ಮೇಲೆ ಉಂಗುರ ಬಿಗಿಯಾಯಿತೆಂದು ಊರಿನ ಪತ್ತಾರರ ಕೈಗೆ ಕೊಟ್ಟರು. ಅವರು ಬೆಸುಗೆಗಾಗಿ ಕಾಯಿಸಿ, ಹಿಗ್ಗಿಸಿ ಮರಳಿ ಕೊಟ್ಟಾಗ ಹರಳಿನ ಹೊಳಪು ಮಸುಕಾಗಿತ್ತು. ಒಳಗೆ ಬಿಳಿಯ ಬಿರುಕು ಎದ್ದು ಕಾಣುತ್ತಿತ್ತು. "ಹರಳು ಬದಲಾಯಿಸಿದ್ದಾನೆ" ಎಂದು ಕೆಲವರು, "ಸುಟ್ಟು ಕೆಡಿಸಿದ್ದಾನೆ" ಎಂದು ಕೆಲವರು. ನ್ಯಾಯ ಹೇಳಲು ಕುಳಿತ ನಾಲ್ವರು ಹಿರಿಯರಲ್ಲಿ ನಾನೂ ಒಬ್ಬ. ವಾಣಿಜ್ಯ ಪದವಿ ಪಡೆದವನು, ಲೆಕ್ಕ ಬಲ್ಲವನು ಎಂದು ನನ್ನ ಮಾತಿಗೆ ಬೆಲೆಯಿತ್ತು. ಪತ್ತಾರರೇ ಹಣ ತೆರಬೇಕೆಂದು ನಾನು ಹೇಳಿದೆ. ಅವರು ಎರಡು ಕಂತುಗಳಲ್ಲಿ ತೆತ್ತರು. ಮರುವರ್ಷ ಆ ಹರಳನ್ನು ಮುಂಬಯಿಯಲ್ಲಿ ಪರೀಕ್ಷೆಗೆ ಕೊಟ್ಟಾಗ ನಿಜ ಹೊರಬಂತು: ಅದು ಬಿರುಕು ತುಂಬಿದ ವಜ್ರ. ಮಾರಿದವರನ್ನು ಕೇಳಿದಾಗ ಬಂದ ಉತ್ತರವೇ ಈ ಲೇಖನದ ಮೊದಲ ವಾಕ್ಯ.

ಬಿರುಕು ತುಂಬುವುದೆಂದರೇನು? ವಜ್ರದ ಮೇಲ್ಮೈವರೆಗೆ ಬಂದ ಬಿರುಕಿನೊಳಗೆ ಗಾಜಿನಂತಹ ವಸ್ತುವನ್ನು ಇಳಿಸಿದರೆ ಬಿರುಕು ಕಣ್ಣಿಗೆ ಮರೆಯಾಗುತ್ತದೆ. ಹರಳು ನಿರ್ಮಲವಾಗಿ ತೋರುತ್ತದೆ. ಪತ್ತಾರನ ಬೆಂಕಿ ತಾಗಿದರೆ ಆ ತುಂಬು ಕೆಡುತ್ತದೆ, ಬಿರುಕು ಮತ್ತೆ ಹೊರಬೀಳುತ್ತದೆ. ಅಮೆರಿಕದಲ್ಲಿ 1931ರಲ್ಲಿ ಸ್ಥಾಪಿತವಾದ ಪ್ರಸಿದ್ಧ ರತ್ನಪರೀಕ್ಷಾ ಸಂಸ್ಥೆ ಜಿಐಎ ಇಂತಹ ಹರಳುಗಳಿಗೆ ಗುಣಶ್ರೇಣಿಯನ್ನೇ ಕೊಡುವುದಿಲ್ಲ. ಅನುಭವವುಳ್ಳವರು ಸೂಕ್ಷ್ಮದರ್ಶಕದಲ್ಲಿ ಹರಳನ್ನು ಓರೆಯಾಗಿಸಿ ನೋಡಿದರೆ ತುಂಬಿದ ಜಾಗದಲ್ಲಿ ಕಿತ್ತಳೆ, ನೀಲಿ ಮಿಂಚುಗಳು ಕಾಣಿಸುತ್ತವೆ. ಅಂದರೆ ಮಾರುವವನಿಗೆ ತಿಳಿಯುವ ಮಾರ್ಗವಿತ್ತು. ಕೊಂಡವರಿಗೂ ಪತ್ತಾರರಿಗೂ ಇರಲಿಲ್ಲ. ಒಂದು ಮೌನಕ್ಕೆ ಬೆಲೆ ತೆತ್ತವರು ಆ ವ್ಯವಹಾರದಲ್ಲಿ ಒಂದು ಕಾಸಿನ ಲಾಭವನ್ನೂ ಕಾಣದ ಮನುಷ್ಯ.

ಅಚೌರ್ಯಾಣುವ್ರತಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳ್ಳನನ್ನು ಪ್ರೇರಿಸುವುದು, ಕದ್ದ ವಸ್ತುವನ್ನು ಕೊಳ್ಳುವುದು ಎಂಬ ಮೊದಲೆರಡನ್ನು ನಾವು ಚೆನ್ನಾಗಿ ನೆನಪಿಟ್ಟಿದ್ದೇವೆ; ಏಕೆಂದರೆ ಅವು ನಮಗೆ ಅನ್ವಯಿಸವೆಂಬ ಧೈರ್ಯ ನಮಗಿದೆ. ಉಳಿದ ಮೂರನ್ನು ಮರೆತಿದ್ದೇವೆ. ರಾಜ್ಯದ ಕಟ್ಟಳೆ ಮೀರಿ ವ್ಯವಹರಿಸುವುದು ಒಂದು; ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು ಇನ್ನೊಂದು; ಐದನೆಯದು ತತ್ತ್ವಾರ್ಥಸೂತ್ರವು ಪ್ರತಿರೂಪಕ ವ್ಯವಹಾರವೆಂದು ಕರೆಯುವ ದೋಷ, ಒಂದರಂತೆ ತೋರುವ ಇನ್ನೊಂದನ್ನು ಕೊಟ್ಟು ವ್ಯವಹರಿಸುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಸದೃಶಸನ್ಮಿಶ್ರವೆಂಬ ಹೆಸರು. ಗಮನಿಸಬೇಕಾದುದೇನೆಂದರೆ, ಇವನ್ನು ಅಸತ್ಯದ ಅಧ್ಯಾಯದಲ್ಲಿಡದೆ ಚೌರ್ಯದ ಅಧ್ಯಾಯದಲ್ಲಿಟ್ಟಿದ್ದಾರೆ. ಮಾರುವವನು ಬಾಯಿ ತೆರೆದು ಸುಳ್ಳು ಹೇಳಬೇಕಾಗಿಯೇ ಇಲ್ಲ. ಸದೃಶವಾದುದನ್ನು ಮೌನವಾಗಿ ಕೈಗಿಟ್ಟರೆ ಸಾಕು, ವ್ರತ ಕಳಂಕಿತವಾಯಿತು. "ಕೇಳಲಿಲ್ಲ" ಎಂಬ ನೆಪಕ್ಕೆ ಅಲ್ಲಿ ಅವಕಾಶವಿಲ್ಲ.

ಇನ್ನು ಕೊಳ್ಳುವವರ ಅಜ್ಞಾನದ ಮಾತು. ಅಜ್ಞಾನಕ್ಕೆ ನಮ್ಮ ಪರಂಪರೆಯಲ್ಲಿ ಮನ್ನಣೆಯಿಲ್ಲ. ಅಲ್ಲಾವುದ್ದೀನ್ ಖಿಲ್ಜಿಯ ಬೊಕ್ಕಸದಲ್ಲಿ ಅಧಿಕಾರಿಯಾಗಿದ್ದ ಠಕ್ಕುರ ಫೇರು ಎಂಬ ಜೈನ ಶ್ರಾವಕನು 1315ರಲ್ಲಿಯೇ ಪ್ರಾಕೃತದಲ್ಲಿ ರತ್ನಪರೀಕ್ಷೆಯ ಗ್ರಂಥವನ್ನು ಬರೆದನು. ಇಂದು ಜಗತ್ತಿನ ಬಹುಪಾಲು ವಜ್ರಗಳು ಸೂರತ್ತಿನಲ್ಲಿ ಸಾಣೆಗೊಳ್ಳುತ್ತವೆ. ಆ ವ್ಯಾಪಾರದಲ್ಲಿ ಪಾಲನಪುರದ ಜೈನ ಮನೆತನಗಳ ಪಾತ್ರ ಲೋಕವಿಖ್ಯಾತ. ಹೀಗಿದ್ದೂ ನಮ್ಮ ಮನೆಗಳು ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳು ಎರಡೇ: ಎಷ್ಟು ದೊಡ್ಡದು, ಎಷ್ಟು ಬೆಲೆ.

ಮೊದಲು ತಿಳಿಯಬೇಕಾದುದು ತೂಕ. ಚಿನ್ನದ ಕ್ಯಾರೆಟ್ ಶುದ್ಧತೆಯ ಅಳತೆ. ವಜ್ರದ ಕ್ಯಾರೆಟ್ ತೂಕದ ಅಳತೆ. ಒಂದು ಕ್ಯಾರೆಟ್ಟಿಗೆ 200 ಮಿಲಿಗ್ರಾಂ, ಅಂದರೆ 100 ಸೆಂಟು. ಅರ್ಧ ಕ್ಯಾರೆಟ್, ಒಂದು ಕ್ಯಾರೆಟ್ ಎಂಬ ದುಂಡು ಸಂಖ್ಯೆಗಳಲ್ಲಿ ಬೆಲೆ ಥಟ್ಟನೆ ಏರುತ್ತದೆ. 96 ಸೆಂಟಿನ ಹರಳಿಗೂ 100 ಸೆಂಟಿನ ಹರಳಿಗೂ ಬೆರಳಿನ ಮೇಲೆ ವ್ಯತ್ಯಾಸ ಕಾಣದು. ಚೆನ್ನಾಗಿ ಕತ್ತರಿಸಿದ ಒಂದು ಕ್ಯಾರೆಟ್ಟಿನ ದುಂಡು ವಜ್ರದ ವ್ಯಾಸ ಸುಮಾರು 6.5 ಮಿಲಿಮೀಟರ್. ಅದಕ್ಕಿಂತ ಬಹಳ ಕಿರಿದಾಗಿದ್ದರೆ ತೂಕವು ಹರಳಿನ ತಳದಲ್ಲಿ ಅಡಗಿದೆಯೆಂದು ಅರ್ಥ. ಕಣ್ಣಿಗೆ ಕಾಣದ ಆ ತೂಕಕ್ಕೂ ನೀವು ಹಣ ತೆರುತ್ತೀರಿ.

ಎರಡನೆಯದು ಕಟ್. ನನ್ನ ತಿಳಿವಳಿಕೆಯಲ್ಲಿ ಇದೇ ಮುಖ್ಯ. ವಜ್ರದ ಹೊಳಪು ನೆಲದಿಂದ ಬಂದುದಲ್ಲ, ಸಾಣೆ ಹಿಡಿಯುವವನ ಕೈಯಿಂದ ಬಂದುದು. ದುಂಡು ವಜ್ರದ 57 ಅಥವಾ 58 ಮುಖಗಳ ಕೋನಗಳು ಸರಿಯಾಗಿದ್ದರೆ ಒಳಹೊಕ್ಕ ಬೆಳಕು ಮೇಲಕ್ಕೆ ಮರಳುತ್ತದೆ. ತಪ್ಪಿದರೆ ತಳದಿಂದ ಸೋರಿಹೋಗುತ್ತದೆ. ಈ ಪ್ರಮಾಣಗಳನ್ನು ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲಿ ಗಣಿತದಿಂದ ವಿವೇಚಿಸಿದನು. ಜಿಐಎ 2006ರಿಂದ ದುಂಡು ವಜ್ರಗಳಿಗೆ ಕಟ್‌ನ ಶ್ರೇಣಿಯನ್ನೂ ಕೊಡುತ್ತಿದೆ. ಸಾಧಾರಣ ಕಟ್‌ನ ದೊಡ್ಡ ಹರಳಿಗಿಂತ ಉತ್ತಮ ಕಟ್‌ನ ಚಿಕ್ಕ ಹರಳು ಹೆಚ್ಚು ಬೆಳಗುತ್ತದೆ. ಗಾತ್ರ ಕೇಳುವವರಿಗೆ ಈ ಸತ್ಯವನ್ನು ಹೇಳುವ ಅಂಗಡಿಗಳು ಎಷ್ಟಿವೆ?

ಮೂರನೆಯದು ಬಣ್ಣ. ಬಣ್ಣವಿಲ್ಲದ 'ಡಿ'ಯಿಂದ ಹಳದಿ ಛಾಯೆಯ 'ಝಡ್'ವರೆಗೆ ಶ್ರೇಣಿಗಳಿವೆ. ಹಳದಿ ಚಿನ್ನದಲ್ಲಿ ಕೂರಿಸುವ ಹರಳಿಗೆ 'ಜಿ', 'ಎಚ್' ಶ್ರೇಣಿಗಳು ಧಾರಾಳವಾಗಿ ಸಾಕು. ನಾಲ್ಕನೆಯದು ನೈರ್ಮಲ್ಯ, ವ್ಯಾಪಾರದ ಮಾತಿನಲ್ಲಿ ಕ್ಲಾರಿಟಿ. ಇದರಲ್ಲಿ 11 ಶ್ರೇಣಿಗಳು. ಪರೀಕ್ಷೆ ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಮಸೂರದಡಿ. 'ವಿವಿಎಸ್'ಗೂ 'ವಿಎಸ್'ಗೂ ಇರುವ ಭೇದವನ್ನು ಬರಿಗಣ್ಣು ಕಾಣಲಾರದು. ಆರಿಸಿ ನೋಡಿದರೆ 'ಎಸ್‌ಐ 1' ಶ್ರೇಣಿಯಲ್ಲಿಯೂ ಬರಿಗಣ್ಣಿಗೆ ನಿರ್ಮಲವಾದ ಹರಳು ಸಿಗುತ್ತದೆ. ಯಾರೂ ಕಾಣದ ನೈರ್ಮಲ್ಯಕ್ಕೆ ಹೆಚ್ಚು ಹಣ ತೆರುವುದು ಪರಿಗ್ರಹವಲ್ಲದೆ ಮತ್ತೇನು?

ಈ ನಾಲ್ಕನ್ನೂ ಬರೆದ ವರದಿ ಬೇಕು. ಅದು ಸ್ವತಂತ್ರ ಪ್ರಯೋಗಾಲಯದ್ದಾಗಿರಬೇಕು. ಅಂಗಡಿಯೇ ಮುದ್ರಿಸಿಕೊಟ್ಟ ಹಾಳೆ ಪ್ರಮಾಣಪತ್ರವಲ್ಲ. ಎಲ್ಲ ಪ್ರಯೋಗಾಲಯಗಳೂ ಸಮಾನ ಕಟ್ಟುನಿಟ್ಟಿನವಲ್ಲ. ಒಂದು ಕಡೆ 'ಎಫ್' ಎನಿಸಿದುದು ಇನ್ನೊಂದು ಕಡೆ 'ಎಚ್' ಎನಿಸಬಹುದು. ವರದಿಯ ಸಂಖ್ಯೆಯನ್ನು ಹರಳಿನ ಅಂಚಿನಲ್ಲಿ ಲೇಸರಿನಿಂದ ಕೆತ್ತಿದ್ದರೆ ಮಸೂರದಲ್ಲಿ ನೋಡಿ ತಾಳೆ ಹಾಕಬೇಕು. ಸಾಧ್ಯವಾದಲ್ಲಿ ಹರಳನ್ನು ಉಂಗುರಕ್ಕೆ ಕೂರಿಸುವ ಮುನ್ನವೇ ನೋಡಬೇಕು. ಇನ್ನೊಂದು ಭ್ರಮೆಯನ್ನೂ ಬಿಡಬೇಕು: 2023ರ ಏಪ್ರಿಲ್ 1ರಿಂದ ಒಡವೆಗೆ ಕಡ್ಡಾಯವಾದ ಆರಂಕಿಯ ಹಾಲ್‌ಮಾರ್ಕ್ ಗುರುತು ಚಿನ್ನದ ಶುದ್ಧತೆಗೆ ಮಾತ್ರ ಸಾಕ್ಷಿ, ವಜ್ರದ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ.

ಇನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರಗಳ ವಿಚಾರ. ಇವು ಗಾಜಲ್ಲ, ಗಣಿಯ ವಜ್ರದಂತೆಯೇ ಇಂಗಾಲದ ಹರಳುಗಳು. ಅಂಗಡಿಗಳಲ್ಲಿರುವ ಶಾಖದ ಪೆನ್ನು ಎರಡನ್ನೂ ವಜ್ರವೆಂದೇ ತೋರಿಸುತ್ತದೆ. ಭೇದ ತಿಳಿಯಲು ವಿಶೇಷ ಯಂತ್ರಗಳು ಬೇಕು. ಭೂಮಿಯನ್ನು ಅಗೆಯದ ಇವು ಅಹಿಂಸೆಗೆ ಹತ್ತಿರವೆಂದು ನಮ್ಮ ತರುಣರು ವಾದಿಸುತ್ತಾರೆ. ವಾದದಲ್ಲಿ ಹುರುಳಿದೆ. 2003ರಿಂದ ಜಾರಿಯಲ್ಲಿರುವ ಕಿಂಬರ್ಲಿ ವ್ಯವಸ್ಥೆಯು ಬಂಡುಕೋರರ ಯುದ್ಧಕ್ಕೆ ಹಣವಾಗುವ ಕಚ್ಚಾ ವಜ್ರಗಳನ್ನಷ್ಟೇ ತಡೆಯುತ್ತದೆ. ಗಣಿಯ ಕೂಲಿಯವನ ಕಷ್ಟ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಪ್ರಯೋಗಾಲಯದ ವಜ್ರಕ್ಕೂ ಅಪಾರ ವಿದ್ಯುತ್ತು ಬೇಕು. ಅದರ ಬೆಲೆಯೂ ಈಚಿನ ವರ್ಷಗಳಲ್ಲಿ ತೀವ್ರವಾಗಿ ಕುಸಿದಿದೆ. 2025ರ ಅಕ್ಟೋಬರಿನಿಂದ ಜಿಐಎ ಇವುಗಳಿಗೆ ಹಿಂದಿನ ಸೂಕ್ಷ್ಮ ಶ್ರೇಣಿಗಳನ್ನು ಕೈಬಿಟ್ಟು 'ಪ್ರೀಮಿಯಂ', 'ಸ್ಟ್ಯಾಂಡರ್ಡ್' ಎಂಬ ಎರಡೇ ವರ್ಗಗಳನ್ನು ಇಟ್ಟಿದೆ. ಬಲ್ಲವರು ಬಲ್ಲಂತೆ ಕೊಳ್ಳಲಿ, ನನ್ನ ಆಕ್ಷೇಪವಿಲ್ಲ. ನನ್ನ ಆಕ್ಷೇಪ ಹೆಸರು ಹೇಳದೆ ಮಾರುವುದಕ್ಕೆ. ಬರಿಯ 'ವಜ್ರ'ವೆಂದರೆ ನೈಸರ್ಗಿಕ ವಜ್ರವೆಂದೇ ಅರ್ಥವೆಂದು 2015ರ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 18323 ಹೇಳುತ್ತದೆ. ಸಣ್ಣ ಹರಳುಗಳ ಪೊಟ್ಟಣದಲ್ಲಿ ಇದನ್ನು ಅದರೊಡನೆ ಬೆರೆಸುವ ಚಾಳಿಯಂತೂ ಸಮಂತಭದ್ರಾಚಾರ್ಯರು ಹೇಳಿದ ಸದೃಶಸನ್ಮಿಶ್ರವೇ ಸರಿ.

"ಇಷ್ಟೆಲ್ಲ ಹೇಳುತ್ತ ಕುಳಿತರೆ ವ್ಯಾಪಾರ ನಡೆದೀತೆ? ಪಕ್ಕದ ಅಂಗಡಿಯವನು ಹೇಳುವುದಿಲ್ಲವಲ್ಲ" ಎಂಬ ಆಕ್ಷೇಪ ಬರುತ್ತದೆ. ಪಕ್ಕದವನು ವ್ರತ ಹಿಡಿದಿಲ್ಲ, ನೀವು ಹಿಡಿದಿದ್ದೀರಿ. ಇನ್ನು ಲೋಕದ ಕಾನೂನೂ ಈಗ ಮೌನಿಯ ಪಕ್ಷದಲ್ಲಿಲ್ಲ: ವಸ್ತುವಿನ ಗುಣ, ದರ್ಜೆಗಳನ್ನು ತಪ್ಪಾಗಿ ಬಿಂಬಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ಕಾನೂನಿನ ಭಯದಿಂದ ಮಾಡಬೇಕಾದುದನ್ನು ವ್ರತದ ಪ್ರೀತಿಯಿಂದ ಮಾಡುವುದು ಲೇಸಲ್ಲವೇ?

ಕೊಳ್ಳುವವರೂ ನಿರ್ದೋಷಿಗಳಲ್ಲ. ತೆರಿಗೆ ಉಳಿಸಲು ಬಿಲ್ಲು ಬೇಡವೆನ್ನುವವರು ನಾವೇ. ರಾಜ್ಯದ ಕಟ್ಟಳೆ ಮೀರುವ ಅತಿಚಾರವು ಅಲ್ಲಿಯೇ ನಮ್ಮನ್ನು ಹಿಡಿಯುತ್ತದೆ. ಮೋಸವಾದಾಗ ಕೇಳುವ ಹಕ್ಕೂ ಅಲ್ಲಿಯೇ ಕಳೆದುಹೋಗುತ್ತದೆ. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಹರಳಿನ ತೂಕ, ಶ್ರೇಣಿ, ವರದಿಯ ಸಂಖ್ಯೆ, ನೈಸರ್ಗಿಕವೋ ಪ್ರಯೋಗಾಲಯದ್ದೋ, ಯಾವುದಾದರೂ ಸಂಸ್ಕಾರ ಮಾಡಿದೆಯೋ ಇಲ್ಲವೋ, ಇವೆಲ್ಲ ಇರಲೇಬೇಕು. ನಿಶ್ಚಿತಾರ್ಥಕ್ಕೆ ವಜ್ರ ಬೇಕೇಬೇಕೆಂಬುದೂ ನಮ್ಮ ಹಿರಿಯರ ಕಟ್ಟಳೆಯಲ್ಲ. ಡಿ ಬಿಯರ್ಸ್ ಕಂಪೆನಿಗಾಗಿ ಅಮೆರಿಕದ ಜಾಹೀರಾತು ಸಂಸ್ಥೆಯೊಂದು 1947ರಲ್ಲಿ ಹೆಣೆದ ಘೋಷಣೆಯಿಂದ ಬಲಿತ ರೂಢಿಯದು. ಶಕ್ತಿಯಿದ್ದವರು ಕೊಳ್ಳಲಿ, ಸಾಲ ಮಾಡಿ ಬೀಗರೆದುರು ಮೆರೆಯುವುದು ಬೇಡ.

ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿ ನನ್ನದೊಂದು ವಿನಂತಿ. ಪದ್ಮಾವತಿ ಅಮ್ಮನವರಿಗೆ ಸಲ್ಲುವ ಒಡವೆಗಳನ್ನು 'ವಜ್ರದ ಉಂಗುರ ಒಂದು' ಎಂದಷ್ಟೇ ದಾಖಲಿಸುವ ಪದ್ಧತಿ ನಿಲ್ಲಲಿ. ತೂಕ, ಗುಣ, ವರದಿ ಸಂಖ್ಯೆಗಳನ್ನು ಬರೆಯಿರಿ, ಹರಾಜಿನ ದಿನ ಅವನ್ನು ಗಟ್ಟಿಯಾಗಿ ಓದಿರಿ. ದೇವರ ಹೆಸರಿನಲ್ಲಿ ಮಾರಿದರೂ ಹೇಳದೆ ಮಾರುವುದು ಚೌರ್ಯವೇ. ಹಾಗೆಯೇ ದಶಲಕ್ಷಣ ಪರ್ವದ ಉತ್ತಮ ಸತ್ಯದ ದಿನ ಸಭಾಮಂಟಪದಲ್ಲಿ ಒಬ್ಬ ರತ್ನಪರೀಕ್ಷಕರನ್ನು ಕೂರಿಸಿ, ಮನೆಮಂದಿಗೆಲ್ಲ ಮಸೂರದಲ್ಲಿ ಹರಳು ತೋರಿಸಿರಿ. ಒಂದು ಗಂಟೆ ಸಾಕು. ಆ ದಿನದ ಪ್ರವಚನಕ್ಕೆ ಅದಕ್ಕಿಂತ ಒಳ್ಳೆಯ ಭಾಷ್ಯ ನನಗೆ ತೋರದು.

ಆ ಪತ್ತಾರರಿಗೆ ಹಣವನ್ನು ನಾವು ಮರಳಿ ಕೊಟ್ಟೆವು. ನಾನೇ ಹೋಗಿ ಕೈಮುಗಿದು ಕ್ಷಮೆ ಕೇಳಿದೆ. ಅವರು ಹಣವನ್ನು ಎಣಿಸದೆ ತೆಗೆದಿಟ್ಟುಕೊಂಡು, "ಇನ್ನು ಮುಂದೆ ನಿಮ್ಮ ಮಂದಿಯ ಹರಳಿನ ಕೆಲಸ ನನಗೆ ಬೇಡ್ರಿ" ಎಂದರು. ಇಂದಿಗೂ ಅವರು ನಮ್ಮ ಕೆಲಸ ಹಿಡಿಯುವುದಿಲ್ಲ. ಸಮಾಜಕ್ಕೆ ಬಂದ ಆ ಮಾತನ್ನು ಅಳಿಸುವ ಉಪಾಯ ಒಂದೇ: ಕೊಳ್ಳುವವರು ಕೇಳಲು ಕಲಿಯಲಿ, ಮಾರುವವರು ಕೇಳುವ ಮೊದಲೇ ಹೇಳಲಿ.