ಕೋಟಿನ ಒಳಗಿನ ಮೊಹರು

ಡೊಂಬಿವಲಿಯ ನಮ್ಮ ಮನೆಗೆ ಯಾರೇ ಬರಲಿ, ಒಳಕೋಣೆಯ ಕಪಾಟು ನೋಡಿದ ಕೂಡಲೇ ಕೇಳುವ ಪ್ರಶ್ನೆ ಒಂದೇ. "ಇವೆಲ್ಲ ಹಿಟ್ಲರನ ಸೈನ್ಯದವೇನ್ರಿ?" ಅಲ್ಲ, ಅವನು ಸತ್ತ ಮೇಲಿನವು ಅಂದರೆ ಪಾಪ, ಅವರಿಗೆ ನಿರಾಸೆ! ಯುದ್ಧ ಮುಗಿದ ಮೇಲಿನ ಜರ್ಮನ್ ಸೈನಿಕರ ಅಂಗಿ, ಊಟದ ಡಬ್ಬಿ, ಮಡಚುವ ಸಲಿಕೆ ಇವನ್ನೆಲ್ಲ ದುಡ್ಡು ಕೊಟ್ಟು ತರುವವರೂ ಇದ್ದಾರೆಯೇ ಎಂಬ ಮುಖ ಮಾಡುತ್ತಾರೆ. ನನ್ನ ಮನೆಯವಳದು ಬೇರೆಯೇ ತಕರಾರು. "ಯಾರದೋ ಹಳೇ ಅರಿವಿ ಮನೀಗೆ ತಂದು, ಮಳೆಗಾಲದಾಗ ಬೂಸುರು ಒರಸೋದು ನನ್ನ ಕೆಲಸ ಏನ್ರಿ?" ಅವಳ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಬಂದವರ ನಿರಾಸೆಗೆ ಮಾತ್ರ ಉತ್ತರ ಕೊಡಬೇಕು ಅನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಇತಿಹಾಸ. 1945ರಲ್ಲಿ ಸೋತ ಮೇಲೆ ಜರ್ಮನಿಗೆ ಹತ್ತು ವರ್ಷ ಸೈನ್ಯವೇ ಇರಲಿಲ್ಲ. 1955ರ ನವೆಂಬರ್ 12ರಂದು ಬಾನ್ ನಗರದಲ್ಲಿ 101 ಜನ ಸ್ವಯಂಸೇವಕರಿಗೆ ನೇಮಕಾತಿ ಪತ್ರ ಕೊಟ್ಟು ಪಶ್ಚಿಮ ಜರ್ಮನಿ ಹೊಸ ಸೈನ್ಯ ಶುರು ಮಾಡಿತು. ಅದೇ ಬುಂಡೆಸ್‌ವೇರ್. ಪೂರ್ವ ಜರ್ಮನಿಯವರು 1956ರ ಮಾರ್ಚ್ 1ರಂದು ತಮ್ಮ ರಾಷ್ಟ್ರೀಯ ಜನತಾ ಸೇನೆ, ಅಂದರೆ ಎನ್‌ವಿಎ ಕಟ್ಟಿದರು. ಒಂದೇ ಭಾಷೆಯ ಜನ, ಎದುರು ಬದುರು ಎರಡು ಸೈನ್ಯ.

ಬಟ್ಟೆಯ ಮಟ್ಟಿಗೆ ಇಲ್ಲೊಂದು ಸೋಜಿಗವಿದೆ. ಪಶ್ಚಿಮದವರ ಹೊಸ ಸೈನ್ಯದಲ್ಲಿ ಹಿಟ್ಲರನ ಕಾಲದ ಅಧಿಕಾರಿಗಳು ಎಷ್ಟೋ ಜನ ಇದ್ದರು, ಆದರೆ ಉಡುಪು ಮಾತ್ರ ಹಳೆಯದನ್ನು ನೆನಪಿಸಬಾರದು ಅಂತ ಎರಡು ಸಾಲು ಗುಂಡಿಯ ಬೂದು ಕೋಟು, ಅಮೆರಿಕದ ಮಾದರಿಯ ಹೆಲ್ಮೆಟ್ಟು ತಂದರು. ಸೈನಿಕ ಅಂದರೆ ಸಮವಸ್ತ್ರ ತೊಟ್ಟ ನಾಗರಿಕ, ಅವನಿಗೂ ಹಕ್ಕುಗಳಿವೆ ಅನ್ನುವುದು ಅವರ ಹೊಸ ತತ್ವ. ಪೂರ್ವದವರು ಹಿಟ್ಲರನ ವಿರೋಧಿಗಳು ನಾವೇ ಅಂತ ಎದೆ ತಟ್ಟಿಕೊಳ್ಳುತ್ತಿದ್ದರು. ಆದರೆ ಅವರು ಹೊಲಿಸಿದ್ದು ಬಹುಮಟ್ಟಿಗೆ ಹಳೆಯ ಜರ್ಮನ್ ಕತ್ತರಿಕೆಯ ಕಲ್ಲುಬೂದು ಬಣ್ಣದ ಕೋಟನ್ನೇ! ದೂರದಿಂದ ನೋಡಿದರೆ ಯುದ್ಧಕಾಲದ್ದೇ ಅನ್ನಬೇಕು. ನಾನು ಟೋಪಿ ಹಾಕಿಸಿಕೊಂಡದ್ದು ಇಲ್ಲಿಯೇ ನೋಡಿ.

ನನ್ನ ಮಗಳು ಲೈಪ್‌ಜಿಗ್‌ನಲ್ಲಿ ಕೆಲಸದಲ್ಲಿದ್ದಾಳೆ. ಅದು ಹಿಂದೆ ಪೂರ್ವ ಜರ್ಮನಿಯಲ್ಲಿದ್ದ ಊರು. ಎರಡು ವರ್ಷದ ಹಿಂದೆ ಅಲ್ಲಿಗೆ ಹೋದಾಗ ಒಂದು ರವಿವಾರದ ಹಳೇ ಸಾಮಾನಿನ ಸಂತೆಯಲ್ಲಿ ಉಣ್ಣೆಯ ಕೋಟೊಂದು ಕಂಡಿತು. ಎದೆಯ ಮೇಲೆ ಹದ್ದು, ಅದರ ಕಾಲಡಿ ಇರುವ ಚಿಹ್ನೆಗೆ ಕಾಗದ ಅಂಟಿಸಿತ್ತು. ನಾಜಿ ಚಿಹ್ನೆಗಳನ್ನು ಸಾರ್ವಜನಿಕವಾಗಿ ತೋರಿಸುವುದು ಅಲ್ಲಿ ಅಪರಾಧ, ಇತಿಹಾಸ, ಬೋಧನೆ, ಕಲೆಯಂಥ ಕಾರಣಗಳಿಗಷ್ಟೇ ವಿನಾಯಿತಿ. ಪಕ್ಕದಲ್ಲೇ ಎನ್‌ವಿಎ ಕೋಟು ಇಪ್ಪತ್ತೈದು ಯೂರೋಗೆ ನೇತಾಡುತ್ತಿತ್ತು. ಹದ್ದಿನ ಕೋಟಿಗೆ ಇನ್ನೂರ ನಲವತ್ತು. ನಾನು ಅಲ್ಲಿಯವರೆಗೆ ಯುದ್ಧಾನಂತರದ್ದನ್ನೇ ಕೂಡಿಸುತ್ತಿದ್ದವನು. ಆದರೂ ಅವತ್ತು ಕೈ ತಡೆಯಲಿಲ್ಲ. "ಅಪ್ಪಾ, ಬ್ಯಾಡ" ಅಂತ ಮಗಳು ಹೇಳಿದಳು. ಕೇಳಲಿಲ್ಲ.

ಸಂಜೆ ಮಗಳ ಮನೆಯ ಮಾಲೀಕರಿಗೆ ಹೆಮ್ಮೆಯಿಂದ ತೋರಿಸಿದೆ. ಅರವತ್ತು ದಾಟಿದ ಮನುಷ್ಯ. ಮಾತಾಡದೆ ಕೋಟಿನ ಒಳಗೆ ಕೈ ಹಾಕಿ ಅಸ್ತರಿಯನ್ನು ದೀಪದ ಕಡೆ ತಿರುಗಿಸಿದರು. ಅಳತೆಯ ಮೊಹರು ಇರಬೇಕಾದ ಜಾಗ ಕೆರೆದು ಬಿಳಚಿತ್ತು, ಒಂದು ಅಂಕಿ ಮಾತ್ರ ಅರ್ಧ ಉಳಿದಿತ್ತು. ಭುಜಪಟ್ಟಿ ಬಿಚ್ಚಿದ ಹೊಲಿಗೆಯ ತೂತುಗಳನ್ನೂ ತೋರಿಸಿದರು. ಆಮೇಲೆ ಅವರು ಹೇಳಿದ್ದನ್ನು ಮಗಳು ಕನ್ನಡಕ್ಕೆ ತಿರುಗಿಸಿದಳು: "ಹದಿನೆಂಟು ತಿಂಗಳು ನಾನು ಹಾಕಿಕೊಂಡಿದ್ದು ಇಂಥದ್ದೇ ಕೋಟು. ಇದಕ್ಕೆ ಈ ಹಕ್ಕಿ ಯಾಕೆ ಹೊಲಿದರು?"

ದುಡ್ಡು ಹೋದದ್ದು ಒಂದು ಕಡೆ ಇರಲಿ. ಆ ಪ್ರಶ್ನೆ ಮಾತ್ರ ವಿಮಾನದಲ್ಲೂ ಬಿಡಲಿಲ್ಲ. ಆ ಪಕ್ಷಿ ಹೊಲಿದದ್ದು ಯಾಕೆಂದರೆ, ನನ್ನಂಥವರು ಅದಕ್ಕೆ ಸುಮಾರು ಹತ್ತು ಪಟ್ಟು ಕೊಡುತ್ತೇವೆ. ಮನೆಯಿಂದ ಕರೆ ಬಂದು ಒಲ್ಲದ ಮನಸ್ಸಿನಿಂದ ಹೋಗಿ, ಪಹರೆ ಮಾಡಿ ಬಂದ ಹುಡುಗನ ಕೋಟಿಗೆ ಇಪ್ಪತ್ತೈದು. ಲಕ್ಷಾಂತರ ಜನರ ಕೊಲೆಗೆ ಕಾರಣವಾದ ಆಡಳಿತದ ಕೋಟಿಗೆ ಇನ್ನೂರ ನಲವತ್ತು. ಈ ದರ ನಿಗದಿ ಮಾಡಿದವರು ಯಾರು? ಬಡ್ಡಿದರದ ಹಾಗೆ ಇದಕ್ಕೆ ರಿಸರ್ವ್ ಬ್ಯಾಂಕ್ ಇಲ್ಲ. ನಾವೇ, ಕೊಳ್ಳುವವರೇ!

ಪೂರ್ವದವರೆಲ್ಲ ಸಾಧುಗಳು ಅಂತ ನಾನು ಹೇಳುತ್ತಿಲ್ಲ. ಗಡಿ ದಾಟಿ ಓಡುವ ತಮ್ಮದೇ ಜನರ ಮೇಲೆ ಅವರ ಗಡಿಪಡೆ ಗುಂಡು ಹಾರಿಸಿದ್ದು ದಾಖಲಾದ ಸತ್ಯ. ಆದರೆ ಅದೇ ದೇಶದಲ್ಲಿ 1962ರಲ್ಲಿ ಕಡ್ಡಾಯ ಸೇವೆ ಬಂದ ಮೇಲೆ, ಬಂದೂಕು ಮುಟ್ಟುವುದಿಲ್ಲ ಎಂದು ಹಠ ಹಿಡಿದ ಹುಡುಗರೂ ಇದ್ದರು. ಅವರಿಗಾಗಿ 1964ರಲ್ಲಿ ನಿರ್ಮಾಣ ಕೆಲಸದ ಸೈನಿಕರು ಎಂಬ ಪ್ರತ್ಯೇಕ ದಳ ಮಾಡಬೇಕಾಯಿತು. ಅವರ ಭುಜಪಟ್ಟಿಯ ಮೇಲೆ ಪುಟ್ಟ ಸಲಿಕೆಯ ಗುರುತು. ಆ ಸಲಿಕೆ ಧರಿಸಿದ ತಪ್ಪಿಗೆ ಎಷ್ಟೋ ಜನರಿಗೆ ಮುಂದೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಈಗ ಯೋಚಿಸಿ, ಹದ್ದು ಹೊಲಿಯಲು ಯಾರೋ ಕಿತ್ತು ಕಸಕ್ಕೆ ಎಸೆದ ಭುಜಪಟ್ಟಿಗಳಲ್ಲಿ ಅಂಥದ್ದೂ ಒಂದು ಇದ್ದರೆ? ಒಬ್ಬ ಹುಡುಗನ ಧೈರ್ಯದ ಪುರಾವೆಯೇ ಅಳಿಸಿ ಹೋಯಿತಲ್ಲ.

ನಾನು ಹುಬ್ಬಳ್ಳಿಯಲ್ಲಿ ಬಿಕಾಂ ಮುಗಿಸಿ ಈ ಊರಿಗೆ ಬಂದು ಬ್ಯಾಂಕ್ ಸೇರಿದ್ದು 1990ರಲ್ಲಿ. ಅದೇ ವರ್ಷ ಅಕ್ಟೋಬರ್ 3ಕ್ಕೆ ಎರಡು ಜರ್ಮನಿ ಒಂದಾದವು, ಹಿಂದಿನ ಮಧ್ಯರಾತ್ರಿಗೆ ಎನ್‌ವಿಎ ಇಲ್ಲವಾಯಿತು. ಉಳಿದ ಸೈನಿಕರು ಬುಂಡೆಸ್‌ವೇರ್ ಉಡುಪಿಗೆ ಬದಲಾದರು, ಹಳೆಯದೆಲ್ಲ ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಿತ್ತು. ಆಗ ನಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲ, ದಪ್ಪ ಲೆಡ್ಜರು. ಮೊದಲ ದಿನವೇ ಹೆಡ್ ಕ್ಲಾರ್ಕ್ ಹೇಳಿದ ಪಾಠ: ತಪ್ಪು ಬರೆದರೆ ಗೀಟು ಎಳಿ, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಮಾಡು. ಬ್ಲೇಡಿನಿಂದ ಕೆರೆದೆಯೋ, ಅದು ತಪ್ಪಲ್ಲ, ಮೋಸ. ಕೋಟಿನೊಳಗಿನ ಮೊಹರೂ ಲೆಡ್ಜರಿನ ಎಂಟ್ರಿಯೇ. ಅದನ್ನು ಕೆರೆದವನು ಒಂದು ಬಟ್ಟೆ ಕೆಡಿಸಿದ್ದಲ್ಲ, ಒಂದು ಲೆಕ್ಕವನ್ನೇ ಕೆಡಿಸಿದ.

ಹಾಗಾಗಿ ಈ ಹವ್ಯಾಸಕ್ಕೆ ಇಳಿಯುವವರಿಗೆ ನನ್ನ ಸಲಹೆ, ಹೊರಗಿನ ಪದಕ ನೋಡುವ ಮೊದಲು ಒಳಗಿನ ಚೀಟಿ ನೋಡಿ. ಬುಂಡೆಸ್‌ವೇರ್ ಅಂಗಿಗಳಲ್ಲಿ ಸಾಮಾನ್ಯವಾಗಿ ತಯಾರಕರ ಹೆಸರು ಮತ್ತು ಹದಿಮೂರು ಅಂಕಿಯ ನ್ಯಾಟೋ ಸರಬರಾಜು ಸಂಖ್ಯೆ ಇರುತ್ತವೆ, ಎಷ್ಟೋ ಸಲ ವರ್ಷವೂ ಇರುತ್ತದೆ. ಮೊದಲ ನಾಲ್ಕು ಅಂಕಿ ವಸ್ತುವಿನ ವರ್ಗ, ಮುಂದಿನ ಎರಡು ದೇಶ. ಜರ್ಮನಿಗೆ 12. ಅದು ಸಂಖ್ಯೆ ಕೊಟ್ಟ ದೇಶ ಮಾತ್ರ, ಹೊಲಿದ ದೇಶ ಅಂತ ತಿಳಿಯಬೇಡಿ. ಪಶ್ಚಿಮ ಜರ್ಮನಿ ನ್ಯಾಟೋ ಸೇರಿದ್ದೇ 1955ರ ಮೇ ತಿಂಗಳಲ್ಲಿ, ಆದ್ದರಿಂದ ಆ ಸಂಖ್ಯೆ ಇರುವ ವಸ್ತುವನ್ನು ಯುದ್ಧಕಾಲದ್ದು ಅಂತ ಯಾರೂ ನಿಮ್ಮ ಕೊರಳಿಗೆ ಕಟ್ಟಲಾರರು. ಚೀಟಿ ಕತ್ತರಿಸಿದೆಯೋ, ಮೊಹರು ಕೆರೆದಿದೆಯೋ, ಅಲ್ಲೇ ಬಿಟ್ಟು ಮುಂದೆ ನಡೆಯಿರಿ. ಕೆವೈಸಿ ಇಲ್ಲದ ಖಾತೆ ತೆರೆಯಬೇಡಿ! ಹೆಸರು ಬರೆದ ಚೀಟಿ ಸಿಕ್ಕರೆ ಬೆಲೆ ಕಡಿಮೆಯಾಗುತ್ತದೆ ಅಂತ ಒಗೆದು ಅಳಿಸಬೇಡಿ.

ಮನೆಗೆ ಬಂದ ಮೇಲೆ ಮನೆಯವಳ ಹೊಲಿಗೆ ಡಬ್ಬಿಯ ಸಣ್ಣ ಕತ್ತರಿ ತಗೊಂಡು ಆ ಹದ್ದನ್ನು ಬಿಚ್ಚಿ ಹಾಕಿದೆ. ಕೋಟು ಈಗಲೂ ಕಪಾಟಿನಲ್ಲಿದೆ, ಭುಜಪಟ್ಟಿ ಇಲ್ಲದೆ, ತೂತುಗಳ ಸಮೇತ. ಜೇಬಿನಲ್ಲಿ ಒಂದು ಚೀಟಿ ಇಟ್ಟಿದ್ದೇನೆ: ಪೂರ್ವ ಜರ್ಮನಿಯ ಸೈನಿಕನ ಕೋಟು, ಯುದ್ಧಕಾಲದ್ದೆಂದು ತಿದ್ದಿ ಮಾರಿದ್ದು, ಕೊಂಡವನು ನಾನು. ಕೆಳಗೆ ತಾರೀಖು, ಸಹಿ.

ಮೂವತ್ತೈದು ವರ್ಷ ಸಹಿ ಹಾಕಿದ ಕೈ ನೋಡಿ, ಇಲ್ಲೂ ಬಿಡಲಿಲ್ಲ. ಇನ್ನು ಮುಂದೆ ಬಂದವರು "ಹಿಟ್ಲರನದಾ?" ಅಂತ ಕೇಳಿದರೆ ಮೊದಲು ಆ ಚೀಟಿ ಓದಿಸುವುದು ಅಂತ ತೀರ್ಮಾನಿಸಿದ್ದೇನೆ. ಚಹಾ ಆಮೇಲೆ. ನೀವೇನಂತೀರಿ?