ಬಿಲ್ ಕೇಳದ ನೆರಳು

ಬೆಂಗಳೂರಿನಲ್ಲಿ ಕೆಲಸ ಹುಡುಕುವವರಿಗೆ ಸುಮ್ಮನೆ ಕೂರಲು ಜಾಗ ಸಿಗುವುದೇ ಕಷ್ಟ. ದರ್ಶಿನಿಯಲ್ಲಿ ಕಾಫಿ ಮುಗಿದ ಮೇಲೆ ನಿಲ್ಲುವಂತಿಲ್ಲ. ಕೆಫೆಗೆ ಹೋದರೆ ಜೇಬು ಖಾಲಿ. ಪಿ.ಜಿ. ರೂಮಿನಲ್ಲಿ ಮೂರು ಜನ, ಮೂರು ಮೊಬೈಲು. ‘ಏನು ಬೇಕು?’ ಎಂದು ಯಾರೂ ಕೇಳದ ಜಾಗವೆಂದರೆ ಕಬ್ಬನ್ ಪಾರ್ಕ್.

ಈ ಉದ್ಯಾನವೆಂದರೆ ವಾಕಿಂಗ್‌ನವರು, ಪ್ರೇಮಿಗಳು, ರೀಲ್ಸ್ ಮಾಡುವವರು ಎಂದೇ ಹಲವರ ಲೆಕ್ಕ. ವಾರದ ಮಧ್ಯೆ ಒಂದು ದಿನ ಹೋಗಿ ನೋಡಿ. ಇಂಟರ್‌ವ್ಯೂ ಮುಗಿಸಿ ಫೈಲನ್ನು ತಲೆದಿಂಬು ಮಾಡಿಕೊಂಡವರು, ಕೆಎಎಸ್ ನೋಟ್ಸ್ ಹರಡಿಕೊಂಡವರು, ಬಿದಿರು ಮೆಳೆಯ ಬಳಿ ಬುತ್ತಿ ಬಿಚ್ಚಿದವರು ಕಾಣುತ್ತಾರೆ. ವಿಜಯನಗರದ ಕಡೆ ಕೋಚಿಂಗ್‌ಗೆ ಬಂದ ನನ್ನಂಥವರಿಗೆ ನೇರಳೆ ಮೆಟ್ರೊ ಹತ್ತಿದರೆ ಪಾರ್ಕ್ ದೂರವಲ್ಲ. ಒಳಗೇ ಕೆಂಪು ಕಟ್ಟಡದ ಗ್ರಂಥಾಲಯವಿದೆ. ದಿವಾನ್ ಶೇಷಾದ್ರಿ ಅಯ್ಯರ್ ನೆನಪಿಗೆ ಕಟ್ಟಿದ್ದು. ಓದಿ ಬೇಸರವಾದರೆ ಹೊರಗೆ ಮರಗಳಿವೆ.

1870ರಲ್ಲಿ ಎಂಜಿನಿಯರ್ ರಿಚರ್ಡ್ ಸ್ಯಾಂಕಿ 100 ಎಕರೆಯಲ್ಲಿ ರೂಪಿಸಿದ ಉದ್ಯಾನವಿದು, ಆಮೇಲೆ ಬೆಳೆಯಿತು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಎಂಬ ಹೆಸರು ಬಂತು. ಜನರ ಬಾಯಲ್ಲಿ ಮಾತ್ರ ಕಬ್ಬನ್ನೇ ಉಳಿಯಿತು. ಇದನ್ನೂ ಲಾಲ್‌ಬಾಗನ್ನೂ ಕಾಪಾಡಲು 1975ರಲ್ಲಿ ಕಾನೂನೇ ಬಂತು. ಆದರೂ 1998ರಲ್ಲಿ ಸುಮಾರು 32 ಎಕರೆಯನ್ನು ಉದ್ಯಾನದ ಎಲ್ಲೆಯಿಂದ ಕೈಬಿಡಲು ಸರ್ಕಾರ ಹೊರಟಿತ್ತು. ಆಗ ನಾಗರಿಕರು ಬೀದಿಗಿಳಿದರು, ಕೋರ್ಟಿಗೂ ಹೋದರು. ಕಾನೂನಿದ್ದರೆ ಸಾಲದು, ಕೇಳುವವರೂ ಬೇಕು ಎಂಬುದಕ್ಕೆ ಇದೇ ಸಾಕ್ಷಿ.

ಹಾಗೆ ಕೇಳುವವರಲ್ಲಿ ನಾವು ಯುವಕರು ಎಷ್ಟು ಮಂದಿ? ಪಾರ್ಕು ಮಕ್ಕಳಿಗೆ, ನಿವೃತ್ತರಿಗೆ ಎಂದುಕೊಂಡು ಸುಮ್ಮನಿದ್ದೇವೆ. ದುಡ್ಡಿದ್ದವರಿಗೆ ಕ್ಲಬ್ಬು, ಮಾಲು, ರೆಸಾರ್ಟ್ ಇವೆ. ಇಂಥ ಉದ್ಯಾನ ಒಂದು ಎಕರೆ ಕಿರಿದಾದರೂ ಮೊದಲು ಜಾಗ ಕಳೆದುಕೊಳ್ಳುವವರು ಕೈಯಲ್ಲಿ ಕಾಸಿಲ್ಲದ ನಾವೇ. ಹಾಗಾಗಿ ಕುಡಿಯುವ ನೀರು, ಶುಚಿಯಾದ ಶೌಚಾಲಯ, ನೆರಳಲ್ಲಿ ನಾಲ್ಕು ಹೆಚ್ಚು ಬೆಂಚು ಬೇಕೆಂದು ಕೇಳಲು ಸಂಕೋಚ ಬೇಡ. ಹಾಗೆಯೇ ಮರದ ಮೇಲೆ ಹೆಸರು ಕೆತ್ತುವ ಗೆಳೆಯನನ್ನು ತಡೆಯಲೂ, ತಿಂದ ಚಿಪ್ಸ್ ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಲೂ ಸಂಕೋಚ ಬೇಡ.

ನಿಮ್ಮೂರಲ್ಲೂ ಹಳೆಯ ಉದ್ಯಾನವೊಂದು ಇರಬಹುದು. ಈ ವಾರ ಪುಸ್ತಕ ಹಿಡಿದು ಹೋಗಿ, ಅಲ್ಲೇ ಕುಳಿತು ಓದಿ. ಜನ ಬಳಸುವ ಜಾಗಕ್ಕೆ ಕೈ ಹಾಕಲು ಯಾರಾದರೂ ಸ್ವಲ್ಪ ಯೋಚಿಸುತ್ತಾರೆ.